ಹೊರಬೀಡಿನ ದಿನ ಊರೊಳಗೆ ನಿಂತ ಕಾರು

ಸೀಟಿನೊಳಗೆ ಅಡಗಿ ಕಾರು ಓಡಿಸುವುದು ಹೇಗೆಂದು ಮೊದಲು ಹೇಳುತ್ತೇನೆ. ಅದು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ.

ಡ್ರೈವರ್ ಸೀಟಿನ ಸ್ಪ್ರಿಂಗು, ನಾರು, ಹಲಗೆ ಎಲ್ಲವನ್ನೂ ಕಿತ್ತು ತೆಗೆಯಬೇಕು. ಆ ಜಾಗದಲ್ಲಿ ಕಬ್ಬಿಣದ ಸರಳು ಬಗ್ಗಿಸಿ ಸೀಟಿನದೇ ಆಕಾರದ ಪಂಜರ ಕೂರಿಸಿ, ಅದರ ಮೇಲೆ ಹಳೆಯ ಕಂದು ರೆಕ್ಸಿನ್ ಹೊದಿಸಬೇಕು. ಓಡಿಸುವವನು ಮಡಿಸಿದ ಗೋಣಿಚೀಲದ ಮೇಲೆ ಆ ಪಂಜರದೊಳಗೆ ಕೂರುತ್ತಾನೆ. ಕಣ್ಣಿನ ಎತ್ತರಕ್ಕೆ ಎರಡು ಬೆರಳಗಲದ ಒಂದು ಸೀಳು, ಅದಕ್ಕೆ ಸೊಳ್ಳೆಪರದೆಯ ತುಂಡು. ಕೆಳಗೆ ಕೈಗಳಿಗೆ ಎರಡು ಸೀಳು. ಮುಂಗೈ ಮಾತ್ರ ಹೊರಗೆ ಬಂದು ಸ್ಟೀರಿಂಗ್ ಚಕ್ರದ ಕೆಳಭಾಗವನ್ನು ಹಿಡಿಯುತ್ತದೆ. ಕೈಗೂ ಅದೇ ಬಣ್ಣದ ರೆಕ್ಸಿನ್ ಚೀಲ. ಕೊನೆಗೆ ಹಿಂದಿನ ಸೀಟಿನಲ್ಲಿ ಒಬ್ಬರು ಕೂತು, ಲಾರಿಯ ತಾಡಪಾಲು ಕಟ್ಟುವ ಹಾಗೆ, ಹೊದಿಕೆಯ ಬೆನ್ನಿನ ತೂತುಗಳಲ್ಲಿ ಹಗ್ಗ ಪೋಣಿಸಿ ಬಿಗಿಯುತ್ತಾರೆ. ಬಿಗಿದ ಮೇಲೆ ಒಳಗಿದ್ದವನು ತಾನಾಗಿ ಹೊರಬರಲಾರ.

ಇನ್ನೊಂದು ಸಂಗತಿ. ಗೇರಿನ ಹಿಡಿ ಪಕ್ಕಕ್ಕೆ, ಮೇಲಿತ್ತು. ಸೀಳಿನಿಂದ ಕೈ ಅಲ್ಲಿಗೆ ಎಟುಕುತ್ತಿರಲಿಲ್ಲ. ಹಗ್ಗ ಕಟ್ಟುವ ಮೊದಲೇ ಫಸ್ಟ್ ಗೇರಿಗೆ ಹಾಕಿಕೊಳ್ಳಬೇಕು. ಆಮೇಲೆ ಕ್ಲಚ್ಚು, ಬ್ರೇಕು, ಆಕ್ಸಿಲರೇಟರು, ಕೀಲಿ, ಹಾರ್ನು ಇಷ್ಟೇ ನನ್ನ ಕೈಕಾಲಿಗೆ ಸಿಗುವಂಥವು. ಮುಂದಕ್ಕೆ ಹೋಗಬಹುದು, ನಿಲ್ಲಬಹುದು. ಹಿಂದಕ್ಕೆ ಬರುವಂತಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಸಿನಿಮಾ ತಂಡ ಬೆಂಗಳೂರಿನಿಂದ ಬಂದು ಕೊಟ್ಟೂರಿನಲ್ಲಿ ಇಳಿದುಕೊಂಡಿತ್ತು. ನಾನಾಗ ಅಲ್ಲಿನ ಒಂದು ಗ್ಯಾರೇಜಿನಲ್ಲಿದ್ದೆ. ಅವರು ತಂದಿದ್ದ ಹಳೆಯ ಉದ್ದನೆಯ ಕಪ್ಪು ಕಾರು ದಾರಿಯಲ್ಲೇ ಕೆಟ್ಟು, ಎತ್ತಿನ ಬಂಡಿಯ ಹಿಂದೆ ಕಟ್ಟಿಸಿಕೊಂಡು ನಮ್ಮಲ್ಲಿಗೆ ಬಂತು. ರಿಪೇರಿ ಮಾಡಿದವನನ್ನೇ ಓಡಿಸಲೂ ಕರೆದರು.

ಸಿನಿಮಾದ ಕಥೆಯನ್ನು ಅವರ ಮ್ಯಾನೇಜರ್ ಹೇಳಿದ. ಸತ್ತ ಸಾಹುಕಾರನ ಕೊಟ್ಟಿಗೆಯಲ್ಲಿ ಒಬ್ಬ ಹುಡುಗನಿಗೆ ಈ ಕಾರು ಸಿಗುತ್ತದೆ. ಅದನ್ನು ತೊಳೆಯುವುದು, ಒರೆಸುವುದು ಬಿಟ್ಟರೆ ಅವನಿಗೆ ಬೇರೆ ಪ್ರಪಂಚವೇ ಇರುವುದಿಲ್ಲ. ಕಾರು ಆಗಾಗ ತಾನಾಗಿ ಹೊರಟು ಬೀದಿ ಸುತ್ತುತ್ತದೆ. ಯಾರ ಮನೆಯ ಮುಂದೆ ನಿಂತರೆ ಆ ಮನೆಯಲ್ಲಿ ಹೆಣ ಬೀಳುತ್ತದೆ. ಹುಡುಗನಿಗೆ ಅದು ಗೊತ್ತಾದರೂ ಕಾರನ್ನು ಬಿಡಲಾರ. ನೋಡುವವರಿಗೆ ಹೆದರಿಕೆ ಹುಟ್ಟಬೇಕೆಂದು ಮಾಡಿದ ಕಥೆ. ಈ ಕಥೆ ಸುತ್ತಲಿನ ಹಳ್ಳಿಗಳಿಗೆ ನಮಗಿಂತ ಮೊದಲೇ ಹೋಗಿ ಮುಟ್ಟಿತ್ತು. ಎಷ್ಟೋ ಕಡೆ ಹೆಂಗಸರು ಕಾರು ಕಂಡರೆ ಮಕ್ಕಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕುತ್ತಿದ್ದರು. ಒಂದು ಊರಲ್ಲಿ ನೀರು ಕೂಡ ಕೊಡಲಿಲ್ಲ.

ಹುಡುಗನ ಪಾತ್ರಕ್ಕೆ ದಾವಣಗೆರೆಯಿಂದ ಒಬ್ಬನನ್ನು ಕರೆತಂದಿದ್ದರು. ಆಗಷ್ಟೇ ಕಾಲೇಜು ಸೇರಿದವನು, ತೆಳ್ಳಗಿದ್ದ, ಹೆಚ್ಚು ಮಾತಿಲ್ಲ. ಮೊದಮೊದಲು ಶೂಟಿಂಗ್ ಮುಗಿದ ಕೂಡಲೇ ಹೋಗಿ ಮಲಗುತ್ತಿದ್ದ. ಬರಬರುತ್ತ ಕಾರಿನ ಹತ್ತಿರವೇ ಉಳಿಯತೊಡಗಿದ. ತನ್ನ ಟವೆಲಿನಿಂದಲೇ ಗಾಜು ಒರೆಸುತ್ತಿದ್ದ. ಲೈಟಿನವನೊಬ್ಬ ಬಾನೆಟ್ಟಿನ ಮೇಲೆ ಚಹಾದ ಲೋಟ ಇಟ್ಟಾಗ ಅದನ್ನು ಎತ್ತಿ ಅವನ ಕಾಲಬುಡಕ್ಕೇ ಚೆಲ್ಲಿದ. ಹಗ್ಗ ಬಿಗಿಯುವ ಕೆಲಸವನ್ನೂ ಬೇರೆಯವರ ಕೈಯಿಂದ ಕಿತ್ತುಕೊಂಡ. ಇದನ್ನೆಲ್ಲ ನೋಡಿ ನಿರ್ದೇಶಕರು ಖುಷಿಯಾಗಿದ್ದರು. ಪಾತ್ರದೊಳಗೆ ಇಳಿದಿದ್ದಾನೆ, ಯಾರೂ ಎಬ್ಬಿಸಬೇಡಿ ಎನ್ನುತ್ತಿದ್ದರು.

ಒಮ್ಮೆ ಅವನು ನನ್ನ ಬೆನ್ನ ಹಿಂದೆ ಕೂತು ಹಗ್ಗ ಎಳೆಯುತ್ತಾ, "ನೀವು ಓಡಿಸ್ತೀರಿ ಅನ್ಕಬ್ಯಾಡ್ರಿ ಅಣ್ಣಾರೆ. ಅದರ ಪಾಡಿಗೆ ಅದು ಹೋಗ್ತತಿ. ನೀವು ಸುಮ್ನೆ ಒಳಗೆ ಕುಂತಿರ್ತೀರಿ, ಅಷ್ಟೆ" ಎಂದ. ತಮಾಷೆ ಇರಬೇಕೆಂದು ನಕ್ಕೆ. ಅವನು ನಗಲಿಲ್ಲ. ಗಂಟು ಇನ್ನಷ್ಟು ಬಿಗಿಯಾಯಿತು.

ಕೂಡ್ಲಿಗಿಗೂ ಕೊಟ್ಟೂರಿಗೂ ನಡುವಿನ ಒಂದು ಹಳ್ಳಿ. ಹೆಸರು ಬೇಡ. ಆ ಊರಲ್ಲಿ ಮಕ್ಕಳಿಗೆ ಜ್ವರ ಹಬ್ಬಿತ್ತು, ಹೊರಬೀಡು ಸಾರಿದ್ದರು. ಊರಿಗೆ ರೋಗರುಜಿನ ಬಂದಾಗ ನಮ್ಮ ಕಡೆ ಮಾಡುವುದು ಇದು. ಸೂರ್ಯ ಹುಟ್ಟುವ ಮೊದಲು ಎಲ್ಲರೂ ಒಲೆ ಆರಿಸಿ, ಬಾಗಿಲು ಹಾಕಿ, ದನಕರು ಕುರಿಕೋಳಿ ಸಮೇತ ಊರು ಬಿಡುತ್ತಾರೆ. ಮಲಗಿದ ಮುದುಕರನ್ನು, ಬಾಣಂತಿಯರನ್ನು ಹೊತ್ತುಕೊಂಡು ಹೋಗುತ್ತಾರೆ. ಊರಿಗೆ ಬರುವ ದಾರಿಗಳಿಗೆಲ್ಲ ಮುಳ್ಳುಕಂಟಿ ಎಳೆದು ಕಾವಲು ಕೂರುತ್ತಾರೆ. ಇಡೀ ದಿನ ಹೊಲದಲ್ಲೇ ಅಡುಗೆ, ಊಟ. ಸೂರ್ಯ ಮುಳುಗುವವರೆಗೆ ಒಂದು ನರಪಿಳ್ಳೆಯೂ ಒಳಗೆ ಕಾಲಿಡುವಂತಿಲ್ಲ. ಊರು ಬರಿದಾದಾಗ ಮಾರಿ ತಾನಾಗಿ ಎದ್ದು ಹೋಗುತ್ತಾಳೆ ಎಂದು ನಂಬಿಕೆ. ಒಬ್ಬ ಮನುಷ್ಯ ಒಳಗೆ ಇದ್ದರೂ ಅವಳು ಹೋಗುವುದಿಲ್ಲ. ಹೊರಬೀಡು ಮುರಿದಂತೆ. ಇನ್ನೊಂದು ವಾರ ಕಾದು ಮತ್ತೆ ಮಾಡಬೇಕು, ಅಷ್ಟರಲ್ಲಿ ಆಗಬಾರದ್ದು ಆದರೆ ಅದು ಮುರಿದವನ ತಲೆಗೆ.

ಇದನ್ನು ನಿರ್ದೇಶಕರಿಗೆ ಹಿಂದಿನ ದಿನವೇ ವಿವರಿಸಿದ್ದೆ. ಬರೀ ಹೊರಗಿನ ಬಂಡಿಜಾಡಿನಲ್ಲಿ ಕಾರು ಓಡಿಸುತ್ತೇವೆ, ಹಿಂದೆ ಖಾಲಿ ಊರು ಕಂಡರೆ ಸಾಕು ಎಂದರು. ಮ್ಯಾನೇಜರ್ ಹೋಗಿ ಊರ ಯಜಮಾನರನ್ನು ಕೇಳಿದ. ಅವರು ಕುರಿ ಸಾಕಿಕೊಂಡಿದ್ದ ಹಿರಿಯರು. ಮುಳ್ಳಿನಿಂದ ಹೊರಗೆ ಏನಾದರೂ ಮಾಡಿಕೊಳ್ಳಿ, ಒಳಗೆ ಮಾತ್ರ ಹೆಜ್ಜೆ ಇಡಬೇಡಿ ಎಂದು ಒಪ್ಪಿದ್ದರು.

ಕೆರೆಯ ಅಂಗಳದಲ್ಲಿ ಹುಡುಗ ನನ್ನನ್ನು ಬಿಗಿದ. ಸೀಟಿ ಊದಿದರು, ಹೊರಟೆ. ಮುಂದೆ ಸಹಾಯಕನೊಬ್ಬ ನಡೆಯುತ್ತಾ ದಾರಿ ತೋರಿಸುತ್ತಿದ್ದ. ಸೀಳಿನಲ್ಲಿ ಅವನ ಬೆನ್ನು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಬೆನ್ನು ಬಲಕ್ಕೆ ತಿರುಗಿತು, ನಾನೂ ತಿರುಗಿಸಿದೆ. ಪಕ್ಕದಲ್ಲಿ ಜಾಲಿಕಂಟಿಯ ರಾಶಿ ಸರಿಸಿಟ್ಟದ್ದು ಕಂಡಿತು, ಆ ಕಡೆ ಕಾವಲಿನವರು ಯಾರೂ ಇರಲಿಲ್ಲ. ಆಮೇಲೆ ಎರಡೂ ಕಡೆ ಗೋಡೆ. ಚಿಲಕ ಹಾಕಿದ ಬಾಗಿಲುಗಳು. ಒಂದು ಕೋಳಿಯಿಲ್ಲ, ನಾಯಿಯಿಲ್ಲ, ಹೊಗೆಯಿಲ್ಲ. ಬ್ರೇಕು ತುಳಿದೆ.

ನಿರ್ದೇಶಕರು ಬಂದು, ಬಾಗಿಲು ತೆಗೆದು ಕಿಟಕಿಯ ಗಾಜನ್ನು ನಾಲ್ಕು ಬೆರಳು ಇಳಿಸಿ, ಮತ್ತೆ ಹಾಕಿದರು.

"ಸಾರ್, ಇದು ಊರೊಳಗ ಐತ್ರಿ. ನನ್ನ ಬಿಚ್ಚಸ್ರಿ."

"ಇಂಥ ಬೀದಿ ಲಕ್ಷ ಸುರಿದರೂ ಸಿಗಲ್ಲ ಕಣಯ್ಯ. ಒಂದೇ ಶಾಟ್. ನಿನ್ನ ಬಿಚ್ಚಿ ಮತ್ತೆ ಕಟ್ಟೋ ಹೊತ್ತಿಗೆ ಕೆಲಸವೇ ಮುಗಿದಿರುತ್ತೆ."

ನಾನು ಮತ್ತೆ ಹೇಳಿದೆ. ಅವರು ಆಗಲೇ ಹೋಗಿಯಾಗಿತ್ತು. ಹೊರಗೆ ಬರಲು ನನಗೆ ದಾರಿಯಿರಲಿಲ್ಲ. ಆ ಬೀದಿಯಿಂದ ಹೊರಬೀಳಲು ಇದ್ದ ದಾರಿಯೂ ಮುಂದಕ್ಕೆ ಒಂದೇ. ಸೀಟಿ ಕೇಳಿತು. ಕ್ಲಚ್ಚು ಬಿಟ್ಟೆ.

ಕ್ಯಾಮೆರಾ ಎಲ್ಲೋ ಒಂದು ಮಾಳಿಗೆಯ ಮೇಲಿತ್ತು. ಹುಡುಗ ಕಾರಿನ ಪಕ್ಕದಲ್ಲಿ, ಬಾನೆಟ್ಟಿನ ಮೇಲೆ ಒಂದು ಕೈ ಇಟ್ಟುಕೊಂಡು ಅರ್ಧ ಬೀದಿ ನಡೆಯಬೇಕಿತ್ತು. ನಡೆದ. ಆಮೇಲೆ ಹಿಂದೆ ಉಳಿದು ಕಾರನ್ನು ಮಾತ್ರ ಮುಂದೆ ಬಿಟ್ಟ. ಬೀದಿಯ ಕೊನೆಗೆ ಊರಬಾಗಿಲು, ಅಗಸಿ. ಅಗಸಿಯ ಬಾಯಿಗೆ ಎದೆಯುದ್ದ ಮುಳ್ಳು. ಅದರ ಸಮೀಪಕ್ಕೆ ಬಂದಾಗ ನಿಲ್ಲುವ ಸೀಟಿ ಊದಿದರು. ನಿಲ್ಲಿಸಿ ಎಂಜಿನ್ ಆರಿಸಿದೆ.

ಮುಳ್ಳಿನ ಆಚೆ ಕಾವಲಿನವರು ಇಬ್ಬರಿದ್ದರು. ಒಬ್ಬ ಎದ್ದು ನಿಂತದ್ದು ಸೀಳಿನಲ್ಲಿ ಕಂಡಿತು. ಅವನು ಕಾರಿನೊಳಗೆ ದಿಟ್ಟಿಸಿದ, ನನ್ನ ಕಣ್ಣಿನ ನೇರಕ್ಕೇ. ಅವನಿಗೆ ಕಂಡದ್ದು ಖಾಲಿ ಸೀಟು. ಅವನು ಕೂಗಲಿಲ್ಲ. ಹಿಂದಕ್ಕೆ ಸರಿಯುತ್ತಾ ಹೋಗಿ, ಆಮೇಲೆ ಓಡಿದ. ಇನ್ನೊಬ್ಬನೂ ಓಡಿದ.

ನನ್ನ ಹಿಂದಿನಿಂದ ಬೇರೆ ಓಟದ ಸದ್ದು ಬಂತು. ಕಾರಿನ ಕಡೆಗೆ ಬರುತ್ತಿದ್ದಾರೆ ಅಂದುಕೊಂಡೆ. ಸದ್ದು ದೂರವಾಯಿತು. ನಮ್ಮವರು ಕೆರೆಯ ಕಡೆಗೆ ಹೋಗುತ್ತಿದ್ದರು. ಹುಡುಗನನ್ನು ಎಳೆದುಕೊಂಡು ಹೋಗುತ್ತಿರಬೇಕು, ಬಿಡ್ರಿ ನನ್ನ ಎನ್ನುತ್ತಿದ್ದ ಅವನ ದನಿ ಕೇಳಿತು. ಆಮೇಲೆ ಯಾವ ಸದ್ದೂ ಇಲ್ಲ. ಎಂಜಿನ್ ಆರುವಾಗ ಕಬ್ಬಿಣ ಟಿಕ್ ಟಿಕ್ ಎನ್ನುತ್ತದಲ್ಲ, ಅದೊಂದೇ.

ಮೈಯಿಂದ ಹೊದಿಕೆಯನ್ನು ದೂಡಿ ನೋಡಿದೆ. ಕ್ಯಾನ್ವಾಸ್ ಒತ್ತಿದ ರೆಕ್ಸಿನ್, ಹರಿಯಲಿಲ್ಲ. ಬೆನ್ನ ಹಿಂದಿನ ಗಂಟಿಗೆ ಕೈ ಹೋಗುವಂತಿರಲಿಲ್ಲ. ಕಾರಿನೊಳಗೆ ಕುಲುಮೆಯಂತೆ ಸೆಕೆ. ಜನ ಬರಲಿ, ಕೂಗಿ ಹೇಳಿದರಾಯಿತು ಅಂದುಕೊಂಡೆ.

ಜನ ಬಂದರು. ಮುಳ್ಳಿನ ಆಚೆ ತುಂಬಿ ನಿಂತರು. ಮುಂದೆ ಯಜಮಾನರು. ನಮ್ಮ ನಿರ್ದೇಶಕರು, ಮ್ಯಾನೇಜರ್, ಹುಡುಗ ಮೂವರೂ ಅವರ ಪಕ್ಕದಲ್ಲಿದ್ದರು. ಊರು ಸುತ್ತಿಕೊಂಡು, ಒಪ್ಪಿಗೆಯಿದ್ದ ಹೊರದಾರಿಯಿಂದ ಬಂದವರಂತೆ ಬಂದಿದ್ದರು. ಗಾಜು ಇಳಿದಿದ್ದರಿಂದ ಮಾತು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ಒಳಗೆ ಯಾರಿದ್ದಾರೆ ಎಂದು ಯಜಮಾನರು ಕೇಳಿದರು.

"ಯಾರೂ ಇಲ್ಲ" ಎಂದರು ನಿರ್ದೇಶಕರು. "ಕೆರೆ ಏರಿ ಮೇಲೆ ನಿಲ್ಲಿಸಿದ್ವಿ. ಹ್ಯಾಂಡ್‌ಬ್ರೇಕ್ ಬಿಟ್ಟು ಇಳಿಜಾರಿನಲ್ಲಿ ತಾನೇ ಬಂದುಬಿಡ್ತು. ನಮ್ಮವರು ಒಬ್ಬರೂ ಒಳಗೆ ಹೋಗಿಲ್ಲ."

ಆ ಸುಳ್ಳು ಏಕೆಂದು ನನಗೆ ಕೂಡಲೇ ತಿಳಿಯಿತು. ಮನುಷ್ಯ ಒಳಗಿಲ್ಲದಿದ್ದರೆ ಹೊರಬೀಡು ಮುರಿದಿಲ್ಲ. ಮುರಿದಿಲ್ಲವೆಂದರೆ ಏಟು ಬೀಳುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಬಂದು ನನ್ನನ್ನು ಬಿಚ್ಚಿದರಾಯಿತು ಎಂದು ಅವರ ಲೆಕ್ಕವಿರಬಹುದು. ಇರಬಹುದು ಎಂದಷ್ಟೇ ಬರೆಯಬಲ್ಲೆ. ಏಟಿನ ಹೆದರಿಕೆಗೆ ನಾನೂ ಆ ಗಳಿಗೆ ಕೂಗದೆ ತಡೆದುಕೊಂಡೆ.

ಅವರಿಗೆ ತಿಳಿಯದೇ ಹೋದದ್ದು ಇದು. ಮಾರಿ ಎದ್ದು ಹೋಗಬೇಕಾದ ದಿನ, ಮನೆಮನೆಯ ಮುಂದೆ ನಿಂತು ಹೆಣ ಬೀಳಿಸುವ ಕಾರು, ಮುಳ್ಳು ದಾಟಿ, ಬೀದಿಯುದ್ದಕ್ಕೂ ತಾನಾಗಿ ಬಂದು, ಅಗಸಿಯ ಬಾಯಲ್ಲಿ ನಿಂತಿದೆ. ಒಳಗೆ ಯಾರೂ ಇಲ್ಲವೆಂದು ಅದನ್ನು ತಂದವನೇ ಹೇಳುತ್ತಿದ್ದಾನೆ. ಆ ಜನ ಇನ್ನೇನು ತಿಳಿಯಬೇಕು?

"ಹಂಗಾರ ಅಕಿ ಅದರಾಗ ಕುಂತಾಳ" ಎಂದರು ಯಜಮಾನರು. ದನಿ ಏರಿಸಲಿಲ್ಲ. "ಹೊರಗ ಹೋಗಾಕ ಬಂದು ನಮ್ಮನ್ನ ನೋಡಿ ನಿಂತಾಳ. ಸುಟ್ಟುಬಿಡ್ರಿ ಇಲ್ಲೇ."

ಹೊಲದಲ್ಲಿ ಅಡುಗೆಯ ಒಲೆಗಳು ಉರಿಯುತ್ತಿದ್ದವು. ಕೊಳ್ಳಿಗೆ ಕೊರತೆಯಿರಲಿಲ್ಲ. ಒಣಗಿದ ಜೋಳದ ಸೊಪ್ಪೆಯ ಕಟ್ಟುಗಳನ್ನು ಆಚೆಯಿಂದಲೇ ಬಾನೆಟ್ಟಿನ ಮೇಲೆ ಎಸೆಯತೊಡಗಿದರು. ಹುಡುಗ ಮುಳ್ಳಿನ ತನಕ ಓಡಿಬಂದ.

"ಕಾರಿಗೆ ಏನೂ ಮಾಡಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಬಣ್ಣ ಹೋಗ್ತತಿ. ಬೇಕಾದ್ರೆ ನನ್ನ ಹೊಡೀರಿ."

ಅವನು ಅಳುತ್ತಿದ್ದ. ಒಳಗೆ ಮನುಷ್ಯನಿದ್ದಾನೆ ಎಂಬ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಬರಲಿಲ್ಲ. ನಿರ್ದೇಶಕರ ಬಾಯಿಂದಲೂ ಬರಲಿಲ್ಲ. ಕಾರು ಬಾಡಿಗೆಯದು, ಸುಡಬೇಡಿ ಎನ್ನುತ್ತಿದ್ದ ಮ್ಯಾನೇಜರ್.

ನಾನು ಕೂಗಿದೆ. ಗದ್ದಲದಲ್ಲಿ ಕೇಳಲಿಲ್ಲ. ಹಾರ್ನು ಒತ್ತಿದೆ. ಅದು ತಪ್ಪಾಯಿತು. ಖಾಲಿ ಕಾರು ಕೂಗಿದ್ದು ಕೇಳಿ ಜನ ಹಿಂದೆ ಸರಿದರು. ಅಲ್ಲಿಂದಲೇ ಕಲ್ಲು ಬೀಸಿದರು. ಮುಂದಿನ ಒಂದು ದೀಪ ಒಡೆಯಿತು. ಮೊದಲ ಕೊಳ್ಳಿ ಬಾನೆಟ್ಟಿನ ಮೇಲೆ ಬಿದ್ದು ಸೊಪ್ಪೆ ಹೊತ್ತಿಕೊಂಡಿತು. ಹೊಗೆ ಗಾಜಿನ ಸಂದಿಯಿಂದ ಒಳಗೆ ಬಂತು.

ಕೀಲಿ ನನ್ನ ಬಲಗೈ ಬೆರಳಿಗೆ ತಾಗುತ್ತಿತ್ತು. ಕಾರು ಫಸ್ಟ್ ಗೇರಿನಲ್ಲೇ ಇತ್ತು. ತಿರುಗಿಸಿ ಕ್ಲಚ್ಚು ಬಿಟ್ಟರೆ ಮುಳ್ಳನ್ನು ತಳ್ಳಿಕೊಂಡು ಆಚೆ ಹೋಗಬಹುದಿತ್ತು. ಬೆಂಕಿ ಹಿಂದೆ ಉಳಿಯುತ್ತಿತ್ತು. ಆದರೆ ಎರಡು ಬೆರಳಗಲದಲ್ಲಿ, ಹೊಗೆಯಲ್ಲಿ, ನನಗೆ ಕಾಣುತ್ತಿದ್ದದ್ದು ಕಾಲುಗಳು, ಸೀರೆಯ ಅಂಚುಗಳು, ಕಂಕುಳಲ್ಲಿ ಮಗು ಇಟ್ಟುಕೊಂಡ ಒಬ್ಬ ಹೆಣ್ಣುಮಗಳು. ಯಾರು ಸರಿಯುತ್ತಾರೆ, ಯಾರು ಸರಿಯುವುದಿಲ್ಲ, ಅಲ್ಲಿ ಕೂತು ಹೇಳುವಂತಿರಲಿಲ್ಲ. ಕೀಲಿಯನ್ನು ಕಿತ್ತು ಕಾಲಬಳಿ ಬಿಸಾಕಿದೆ. ಕೈಗೆ ಸಿಕ್ಕರೆ ತಿರುಗಿಸಿಬಿಡುತ್ತೇನೆಂದು ಹೆದರಿಕೆಯಾಗಿತ್ತು.

ಆಮೇಲೆ ಎರಡೂ ಕೈಗಳನ್ನು ಒಳಗೆಳೆದುಕೊಂಡು, ಹಲ್ಲಿನಿಂದ ಕಚ್ಚಿ ರೆಕ್ಸಿನ್ ಚೀಲಗಳನ್ನು ಕಳಚಿದೆ. ಬರಿಗೈಗಳನ್ನು ಹೊರಗೆ ಚಾಚಿ ಸ್ಟೀರಿಂಗಿನ ಮೇಲೆ ಬಡಿಯುತ್ತಾ, ನನ್ನ ಹೆಸರು, ಅಪ್ಪನ ಹೆಸರು, ಕೊಟ್ಟೂರಿನ ನಮ್ಮ ಓಣಿ ಎಲ್ಲವನ್ನೂ ಕೂಗಿದೆ.

ಗದ್ದಲ ನಿಂತಿತು. ಅದು ಹೆಸರು ಹೇಳುತ್ತದೆ, ಮೈಮೇಲೆ ಬಂದದ್ದೆಲ್ಲ ಊರು ಹೆಸರು ಹೇಳುತ್ತದೆ, ಹಾಕಿ ಬೆಂಕಿ ಎಂದು ಯಾರೋ ಅಂದರು. ಯಜಮಾನರು ಕೈಯೆತ್ತಿ ತಡೆದರು. ಮುಳ್ಳಿಗೆ ಎದೆ ತಾಗುವಷ್ಟು ಹತ್ತಿರ ಬಂದು, ಖಾಲಿ ಸೀಟಿನಿಂದ ಮೂಡಿದ್ದ ಆ ಕೈಗಳನ್ನು ನೋಡಿದರು.

"ಮನುಷ್ಯ ಆಗಿದ್ರ ಊರಮ್ಮಗ ಕೈ ಮುಗಿ" ಎಂದರು.

ನಾನು ಕೈ ಮುಗಿದೆ. ಎರಡೂ ಸೀಳುಗಳ ನಡುವೆ ಅಂತರವಿತ್ತು, ಅಂಗೈಗಳು ಸರಿಯಾಗಿ ಕೂಡಲಿಲ್ಲ. ಬೆರಳ ತುದಿಗಳು ತಾಗಿದವು. 

ಯಜಮಾನರು ಕಂಬಳಿಯನ್ನು ಮುಳ್ಳಿನ ಮೇಲೆ ಹಾಸಿ, ದಾಟಿ ಬಂದರು. ಸೊಪ್ಪೆಯನ್ನು ಕೋಲಿನಿಂದ ಕೆಳಗೆ ದೂಡಿದರು. ಬಾಗಿಲು ತೆಗೆದು, ನನ್ನ ಬೆರಳುಗಳನ್ನು ಮುಟ್ಟಿ, ಸೊಂಟದ ಕುಡುಗೋಲನ್ನು ರೆಕ್ಸಿನ್ನಿಗೆ ಹಾಕಿದರು.

ಆಗ ಹುಡುಗ ಆಚೆಯಿಂದ ಕೂಗಿದ. "ಸೀಟು ಕೊಯ್ಯಬ್ಯಾಡ್ರೀ. ಹಿಂದೆ ಹಗ್ಗ ಐತಿ. ನಾನು ಬಿಚ್ತೀನಿ."

ಕುಡುಗೋಲು ನಿಂತಿತು. ಯಜಮಾನರು ತಿರುಗಿ ಅವನನ್ನು ನೋಡಿದರು.

"ಹಗ್ಗ ಐತಿ ಅನ್ನೋದು ನಿನಗ ಹೆಂಗ ಗೊತ್ತಪಾ?"

  ಜನರೆಲ್ಲ ನಿರ್ದೇಶಕರ ಕಡೆ ತಿರುಗಿದರು.

ಯಜಮಾನರು ಉಳಿದ ರೆಕ್ಸಿನ್ನನ್ನೂ ಸೀಳಿದ ಮೇಲೆ ನಾನು ಹೊರಬಂದು ನೆಲದ ಮೇಲೆ ಕೂತೆ. ಮುಳ್ಳಿನ ಆಚೆ ಏಟಿನ ಸದ್ದು ಕೇಳುತ್ತಿತ್ತು, ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಯಜಮಾನರು ಸಾಕು ಎಂದರು. ನನ್ನ ಮೇಲೆ ಯಾರೂ ಕೈ ಮಾಡಲಿಲ್ಲ. ಮಗುವನ್ನು ಎತ್ತಿಕೊಂಡಿದ್ದ ಹೆಣ್ಣುಮಗಳು ಮುಳ್ಳಿನ ಹತ್ತಿರ ಬಂದು ನಿಂತಳು. ಮಗು ಜ್ವರದಲ್ಲಿ ತಲೆಯನ್ನು ಅವಳ ಹೆಗಲಿಗೆ ಬಿಟ್ಟಿತ್ತು.

"ನೀ ದೆವ್ವ ಆಗಿದ್ರನ ಚೊಲೋ ಇತ್ತು" ಎಂದಳು. ಬೈದಂತೆ ಇರಲಿಲ್ಲ. "ಸುಟ್ಟು, ಹೊತ್ತು ಮುಳುಗಿದ ಮ್ಯಾಲೆ ಮನಿಗೆ ಹೋಗ್ತಿದ್ವಿ. ಮನುಷ್ಯ ಆಗಿ ಕುಂತಿ. ಈಗ ಮುಂದಿನ ವಾರದ ತನಕ ಇದನ್ನ ನಾ ಹೆಂಗ ಉಳಿಸಿಕೊಳ್ಳಲಿ?"

 ಕಟ್ಟಿ ಕೂರಿಸಿದ್ದರು, ಕರೆದುಕೊಂಡು ಬಂದಿದ್ದರು ಎನ್ನಬಹುದಿತ್ತು. ನಿಜವೂ ಹೌದು. ಅವಳ ಹೆಗಲ ಮೇಲಿನ ತಲೆಗೆ ಅದರಿಂದ ಏನೂ ಆಗುತ್ತಿರಲಿಲ್ಲ.

ಮುಂದಿನ ಹೊರಬೀಡಿಗೆ ನೀನೂ ಬೆಳಕು ಹರಿಯುವ ಮೊದಲು ಬಂದು ನಮ್ಮ ಜೊತೆ ಹೊರಗೆ ಕೂರಬೇಕು ಎಂದು ಯಜಮಾನರು ತೀರ್ಪು ಹೇಳಿದರು. ಸಿನಿಮಾದವರಿಗೆ ಆ ಸೀಮೆಯಲ್ಲೇ ಕಾಲಿಡಬೇಡಿ ಎಂದರು. ಮಾರನೆಯ ದಿನ ಮ್ಯಾನೇಜರ್ ಊದಿದ ಮುಖದಲ್ಲೇ ಗ್ಯಾರೇಜಿಗೆ ಬಂದು, ಹರಪನಹಳ್ಳಿಯ ಕಡೆ ಉಳಿದ ಭಾಗ ಮುಗಿಸೋಣ, ಹೊದಿಕೆ ಹೊಲಿಸಿದ್ದೇವೆ ಎಂದ. ಆಗುವುದಿಲ್ಲ ಎಂದೆ. ಬೇರೆ ಯಾರನ್ನೋ ಕೂರಿಸಿ ಮುಗಿಸಿದರಂತೆ. ಹುಡುಗ ಅವನಿಗೂ ಹಗ್ಗ ಬಿಗಿದನಂತೆ. ಆ ಸಿನಿಮಾವನ್ನು ನಾನು ನೋಡಿಲ್ಲ.

ಹೇಳಿದ ದಿನ ಹೋದೆ. ಬೇವಿನ ಮರದ ಕೆಳಗೆ ಒಂದು ಕಡೆ ಕೂರಲು ಜಾಗ ತೋರಿಸಿದರು. ಒಬ್ಬರೂ ಮಾತಾಡಿಸಲಿಲ್ಲ. ಊಟದ ಹೊತ್ತಿಗೆ ಯಾರೋ ರೊಟ್ಟಿ, ಪುಂಡಿಪಲ್ಯ ತಂದು ಮುಂದೆ ಇಟ್ಟು, ಮುಖ ನೋಡದೆ ಹೋದರು. ಮಗುವಿನ ಆ ಹೆಣ್ಣುಮಗಳು ಎಲ್ಲಿದ್ದಾಳೆಂದು ಗುಂಪಿನಲ್ಲಿ ಹುಡುಕಿದೆ. ಕಾಣಲಿಲ್ಲ. ಕೇಳಲು ಧೈರ್ಯ ಬರಲಿಲ್ಲ.

ಸೂರ್ಯ ಮುಳುಗಿದ ಮೇಲೆ ಅಗಸಿಯ ಮುಳ್ಳು ಸರಿಸಿದರು. ಮೊದಲು ದನಗಳು ಹೋದವು, ಆಮೇಲೆ ಜನ. ನಾನು ಆ ಊರಿನವನಲ್ಲ, ದಾರಿಯ ಬದಿಗೆ ನಿಂತೆ. ಕೊನೆಯಲ್ಲಿ ಬಂದವರ ನಡುವೆ ಅವಳಿದ್ದಳು. ಮಗು ಅವಳ ಕೈಹಿಡಿದು ನಡೆದು ಬರುತ್ತಿತ್ತು. ಕಾಲು ಇನ್ನೂ ಸೋಲುತ್ತಿತ್ತು, ಆದರೂ ನಡೆಯುತ್ತಿತ್ತು. ನನ್ನ ಮುಂದೆ ಬಂದಾಗ ಅದು ನಿಂತು, ಬೆರಳು ಮಾಡಿ, ತಾಯಿಯನ್ನು ಕೇಳಿತು.

"ಅವ್ವಾ, ಕಾರಿನ್ಯಾಗಿನ ದೆವ್ವ ಇವನ ಏನು?"

ಅವಳು ನನ್ನನ್ನು ಒಮ್ಮೆ ನೋಡಿದಳು.

"ಹೂಂ, ಇವನ. ನೋಡಬ್ಯಾಡ, ಬಾ" ಎಂದು ಮಗುವನ್ನು ಇನ್ನೊಂದು ಮಗ್ಗುಲಿಗೆ ಸರಿಸಿಕೊಂಡು ಒಳಗೆ ಹೋದಳು.